ಎಂಬತ್ತೇಳರ ಪ್ರಶಸ್ತಿ ಯಾರದು

ನಾನು ಬೇಸ್‌ಬಾಲ್ ಕಲಿತದ್ದು ಟೆಲಿಫೋನಿನಲ್ಲಿ. ಕಲಿಸಿದವರು ನನ್ನ ಭಾವ, ಅಕ್ಕನ ಗಂಡ.

ತೊಂಬತ್ತೇಳರ ಕೊನೆಯಲ್ಲಿ ಮದುವೆಯಾಗಿ ಮೈಸೂರಿನಿಂದ ಷಿಕಾಗೊ ಹತ್ತಿರದ ಬೋಲಿಂಗ್‌ಬ್ರೂಕಿಗೆ ಬಂದೆ. ನನ್ನ ಗಂಡ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಮನೆಗೆ ಬರುತ್ತಿದ್ದುದು. ನನ್ನ ವೀಸಾದಲ್ಲಿ ಕೆಲಸಕ್ಕೆ ಸೇರುವ ಹಾಗಿರಲಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಅಪಾರ್ಟ್‌ಮೆಂಟಿನಿಂದ ನಡೆದು ಹೋಗಿ ಬರುವಂಥ ಜಾಗ ಸುತ್ತಮುತ್ತ ಒಂದೂ ಇರಲಿಲ್ಲ. ಮೊದಲ ಚಳಿಗಾಲವನ್ನು ಕಿಟಕಿಯ ಬಳಿ ಕೂತು ಕಳೆದೆ. ಏಪ್ರಿಲ್ ಬಂದಾಗ ಟೀವಿಯಲ್ಲಿ ಮಧ್ಯಾಹ್ನದ ಹೊತ್ತು ಬೇಸ್‌ಬಾಲ್ ಬರತೊಡಗಿತು. ಷಿಕಾಗೊದ ಉತ್ತರ ಭಾಗದ ತಂಡ ಊರಿನಲ್ಲಿದ್ದಾಗ ಹೆಚ್ಚಾಗಿ ಹಗಲಿನಲ್ಲೇ ಆಡುತ್ತಿತ್ತು. ಮನೆಯಲ್ಲಿ ಮನುಷ್ಯರ ದನಿಯಾದರೂ ಕೇಳಲಿ ಎಂದು ಅದನ್ನು ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದೆ. ಯಾರು ಯಾಕೆ ಓಡುತ್ತಾರೆ, ಯಾಕೆ ನಿಲ್ಲುತ್ತಾರೆ, ಒಂದೂ ತಿಳಿಯುತ್ತಿರಲಿಲ್ಲ.

ಅಕ್ಕ ಇದ್ದದ್ದು ಮಿಶಿಗನ್‌ನ ನೋವೈನಲ್ಲಿ, ಡೆಟ್ರಾಯ್ಟಿನ ಹೊರವಲಯ. ಭಾವ ಅಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಇಂಜಿನಿಯರ್. ಭಾನುವಾರ ಅಕ್ಕ ಫೋನ್ ಮಾಡುತ್ತಿದ್ದಳು. ಹಾಗೆ ಒಂದು ಭಾನುವಾರ ಈ ಆಟದ ವಿಷಯ ಹೇಳಿ ನಕ್ಕೆ.

"ಅಯ್ಯೋ, ನಿಮ್ ಭಾವಂಗೂ ಅದೇ ಹುಚ್ಚು ಕಣೇ. ಅವರನ್ನೇ ಕೇಳು," ಎಂದು ಅಕ್ಕ ಫೋನನ್ನು ಅವರ ಕೈಗೆ ಕೊಟ್ಟಳು.

ಭಾವ ಮಾತು ಕಡಿಮೆಯ ಮನುಷ್ಯ. ಅದುವರೆಗೆ ಅವರು ನನ್ನೊಂದಿಗೆ "ಚೆನ್ನಾಗಿದೀಯಾಮ್ಮಾ" ಎಂಬುದಕ್ಕಿಂತ ಹೆಚ್ಚು ಆಡಿದ ನೆನಪಿಲ್ಲ. ಆ ದಿನ ಗಂಟಲು ಸರಿಮಾಡಿಕೊಂಡು, "ನಿಂಗೆ ಕ್ರಿಕೆಟ್ ಗೊತ್ತಲ್ಲಮ್ಮಾ? ಅದನ್ನ ಸದ್ಯಕ್ಕೆ ಮರ್ತುಬಿಡು. ಮೊದಲು ಚೆಂಡು ಎಸೆಯೋ ಪಿಚರ್‌ನ ನೋಡು, ಬ್ಯಾಟ್ ಮಾಡೋವ್ನನ್ನಲ್ಲ," ಎಂದು ಶುರುಮಾಡಿದರು. ಅಕ್ಕ ಊಟಕ್ಕೆ ಕರೆಯುವುದು ಹಿಂದೆ ಕೇಳಿಸುತ್ತಿದ್ದರೂ ಅವರು ನಿಲ್ಲಿಸಲಿಲ್ಲ. ಅಲ್ಲಿಂದಾಚೆ ಭಾನುವಾರದ ಫೋನಿನಲ್ಲಿ ಒಂದು ಪಾಲು ಅಕ್ಕನಿಗೆ, ಒಂದು ಪಾಲು ಭಾವನಿಗೆ ಎಂದಾಯಿತು.

ಆ ಬೇಸಿಗೆ ಇಡೀ ದೇಶವೇ ಬೇಸ್‌ಬಾಲ್ ನೋಡುತ್ತಿತ್ತು. ಹೋಮ್ ರನ್‌ಗಳ, ಅಂದರೆ ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತಗಳ, ಹಳೆಯ ದಾಖಲೆಯನ್ನು ಮುರಿಯಲು ಇಬ್ಬರು ಪೈಪೋಟಿಗೆ ಬಿದ್ದಿದ್ದರು. ಒಬ್ಬ ನಮ್ಮ ಷಿಕಾಗೊದವನು, ಇನ್ನೊಬ್ಬ ಸೇಂಟ್ ಲೂಯಿಸಿನವನು. ಕೊನೆಗೆ ಹೆಚ್ಚು ಹೊಡೆದವನು ಸೇಂಟ್ ಲೂಯಿಸಿನವನು. ಆದರೆ ನವೆಂಬರಿನಲ್ಲಿ ಎಂವಿಪಿ ಪ್ರಶಸ್ತಿ ನಮ್ಮವನಿಗೆ ಬಂತು. ಆಯಾ ವರ್ಷ ಎಲ್ಲರಿಗಿಂತ ಮೌಲ್ಯವುಳ್ಳ ಆಟಗಾರ ಯಾರು ಎಂದು ಕ್ರೀಡಾ ವರದಿಗಾರರು ಮತ ಹಾಕಿ ಆರಿಸುವ ಪ್ರಶಸ್ತಿ ಅದು. ತಂಡಗಳನ್ನು ಹಂಚಿರುವ ಎರಡು ಲೀಗುಗಳಿಗೆ ಒಬ್ಬೊಬ್ಬರಂತೆ ಇಬ್ಬರಿಗೆ ಕೊಡುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ರಜೆಗೆ ಕೆಲವು ದಿನ ಮೊದಲು ಅದು ಗೊತ್ತಾಗುತ್ತದೆ. ಆ ರಜೆಗೆ ನಾವು ಮೊದಲ ಬಾರಿ ನೋವೈಗೆ ಹೋದೆವು.

ಅಕ್ಕ ಬಿಸಿಬೇಳೆಬಾತ್ ಮಾಡಿದ್ದಳು. ಏಳೆಂಟು ವರ್ಷದ ಅವಳ ಮಗಳು ಮೇಜಿನ ಕೆಳಗೆ ಆಡುತ್ತಿದ್ದಳು. ನಾನು ತಟ್ಟೆಯ ಮುಂದೆ ಕೂತವಳೇ, "ಭಾವ, ಇದು ಅನ್ಯಾಯ. ನಮ್ಮೂರಿನವನಿಗೆ ಬಂದಿದ್ದು ಸಂತೋಷ, ಆದ್ರೆ ಹೆಚ್ಚು ಹೊಡ್ದೋನು ಅವನು," ಎಂದೆ.

ಭಾವ ತುತ್ತು ಕೆಳಗಿಟ್ಟರು. "ಅವನ ತಂಡ ಎಲ್ಲಿಗೆ ಬಂತು? ಕೊನೇ ಸುತ್ತಿಗೆ, ಪ್ಲೇಆಫ್‌ಗೆ ಹೋಯ್ತಾ?"

"ಇಲ್ಲ."

"ನಿಮ್ಮ ತಂಡ ಹೋಯ್ತಲ್ಲ? ಬೆಸ್ಟ್ ಪ್ಲೇಯರ್ ಅಂತ ಕೊಡೋದಲ್ಲಮ್ಮಾ ಇದು. ವ್ಯಾಲ್ಯುಬಲ್. ಒಂದು ಪಾರ್ಟ್ ಎಷ್ಟೇ ಚೆನ್ನಾಗಿರ್ಲಿ, ಗಾಡಿ ಓಡದೇ ಹೋದ್ರೆ ಅದರ ವ್ಯಾಲ್ಯೂ ಏನು?"

"ಗಾಡಿ ಓಡ್ದೇ ಇದ್ರೆ ಆ ಪಾರ್ಟ್ ಏನ್ಮಾಡತ್ತೆ ಭಾವ? ಅದರ ತಪ್ಪಾ?"

"ತಪ್ಪು ಅಂದ್ನಾ? ಅವನನ್ನ ಬೈತಿಲ್ಲ ನಾನು. ಪ್ರಶಸ್ತಿ ಬೇಡ ಅಂತಿದೀನಿ ಅಷ್ಟೆ."

ಅಕ್ಕ ಸೌಟು ಹಿಡಿದು ನಿಂತು ನಮ್ಮಿಬ್ಬರನ್ನೂ ನೋಡಿದಳು. "ನನ್ ಹತ್ರ ವರ್ಷಕ್ಕಾಡೋವಷ್ಟು ಮಾತು ನಿನ್ ಹತ್ರ ಒಂದೇ ಊಟದಲ್ಲಿ ಆಡ್ಬಿಟ್ರು," ಎಂದು ನನಗೆ ಹೇಳಿದಳು. ನಗುತ್ತಲೇ ಹೇಳಿದಳು. ಆದರೂ ಅವಳಿಗೆ ಒಳಗೆ ಎಲ್ಲೋ ಚುಚ್ಚಿದಂತಿತ್ತು.

ಆ ಊಟದಲ್ಲೇ ಮೊದಲ ಬಾರಿ ಎಂಬತ್ತೇಳನೇ ಇಸವಿಯ ಮಾತು ಬಂದದ್ದು. ಭಾವನಿಗೆ ಅದು ಮರೆಯಲಾಗದ ವರ್ಷ. ಎಂ.ಎಸ್. ಓದಲು ಡೆಟ್ರಾಯ್ಟಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಆ ವರ್ಷ ಡೆಟ್ರಾಯ್ಟಿನ ತಂಡ ಕೊನೆಯ ದಿನದವರೆಗೂ ಟೊರಾಂಟೊ ತಂಡದೊಡನೆ ಸೆಣಸಿ, ಆ ದಿನ ಒಂದೇ ಒಂದು ರನ್ನಿನಿಂದ ಗೆದ್ದು ತನ್ನ ವಿಭಾಗದ ಮೊದಲ ಸ್ಥಾನಕ್ಕೆ ಬಂತು. ಭಾವ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಿಂತು ರೇಡಿಯೋದಲ್ಲಿ ಕೇಳುತ್ತಿದ್ದರಂತೆ. ಒಲೆಯ ಮೇಲಿಟ್ಟ ಸಾರು ತಳ ಹಿಡಿದದ್ದು ಗೊತ್ತೇ ಆಗಲಿಲ್ಲವಂತೆ. ಆಟ ಮುಗಿದಾಗ ಬೀದಿಯಲ್ಲಿ ಕಾರುಗಳೆಲ್ಲ ಹಾರ್ನ್ ಹೊಡೆಯತೊಡಗಿದವು. "ಕಿಟಕಿ ತೆಗ್ದೆ. ಕೆಳಗಡೆ ಯಾರೋ ಗುರುತೇ ಇಲ್ಲದೋನು ನನ್ನ ನೋಡಿ ಕೈ ಎತ್ದ. ನಾನೂ ಎತ್ದೆ. ಈ ಊರಲ್ಲಿ ನಾನೂ ಒಬ್ಬ ಇದೀನಿ ಅಂತ ಅವತ್ತೇ ಅನ್ನಿಸಿದ್ದು," ಎಂದರು.

ಆ ತಂಡದ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮೂರನೇ ಬೇಸುಗಳ ನಡುವೆ ನಿಲ್ಲುವ ಆಟಗಾರನಿಗೆ ಆ ವರ್ಷದ ಪ್ರಶಸ್ತಿ ಸಿಗಬೇಕಿತ್ತೆಂದು ಭಾವನ ವಾದ. ಸಿಕ್ಕಿದ್ದು ಸೋತ ಟೊರಾಂಟೊದವನಿಗೆ. ಇನ್ನೊಂದು ಲೀಗಿನಲ್ಲಿ ಆದದ್ದು ಅವರಿಗೆ ಅದಕ್ಕಿಂತಲೂ ಸಹಿಸಲಾಗದ್ದು. ಅಲ್ಲಿ ಪ್ರಶಸ್ತಿ ಷಿಕಾಗೊದ ಉತ್ತರ ಭಾಗದ ತಂಡದವನೊಬ್ಬನಿಗೆ ಹೋಯಿತು. ಅವನು ಲೀಗಿನಲ್ಲೇ ಎಲ್ಲರಿಗಿಂತ ಹೆಚ್ಚು ಹೋಮ್ ರನ್ ಹೊಡೆದಿದ್ದ ನಿಜ. ಆದರೆ ಅವನ ತಂಡ ಆ ವರ್ಷ ತನ್ನ ವಿಭಾಗದಲ್ಲಿ ಕಟ್ಟಕಡೆಯದಾಗಿತ್ತು.

"ಕೊನೇ ಸ್ಥಾನ ಕಣಮ್ಮಾ! ಅದಕ್ಕಿಂತ ಕೆಳಗೆ ಜಾಗನೇ ಇಲ್ಲ. ಅವನು ಮನೇಲಿ ಮಲಗಿದ್ರೂ ಅಲ್ಲೇ ಇರ್ತಿದ್ರು," ಎಂದರು ಭಾವ.

ಎಂಬತ್ತೇಳರಲ್ಲಿ ನಾನು ಮೈಸೂರಿನಲ್ಲಿ ಲಂಗ ತೊಟ್ಟು ಹೈಸ್ಕೂಲಿಗೆ ಹೋಗುತ್ತಿದ್ದವಳು. ಆ ಆಟಗಾರನನ್ನು ಕಂಡವಳಲ್ಲ. ಆದರೂ ಬೋಲಿಂಗ್‌ಬ್ರೂಕಿಗೆ ಮರಳಿದ ಮೇಲೆ ಶನಿವಾರ ಗಂಡನ ಜೊತೆ ಲೈಬ್ರರಿಗೆ ಹೋಗಿ ಅವನ ಬಗ್ಗೆ ಓದಿದೆ. ಮೊಣಕಾಲುಗಳ ನೋವಿನಲ್ಲೇ ಆಡಿದವನು. ಸುತ್ತಲಿದ್ದವರು ಸೋಲುತ್ತಿದ್ದರೂ ಇವನೊಬ್ಬ ದಿನಾ ಬಂದು ಬ್ಯಾಟು ಹಿಡಿದವನು. ನಾಳೆ ಗೆಲ್ಲುತ್ತೇವೆಂಬ ಆಸೆಯಿಲ್ಲದೆ ಅಷ್ಟು ಚೆನ್ನಾಗಿ ಆಡುವುದು ಗೆಲ್ಲುವ ತಂಡದಲ್ಲಿ ಆಡುವುದಕ್ಕಿಂತ ಕಷ್ಟವಲ್ಲವೇ? ಮುಂದಿನ ಭಾನುವಾರ ಇದನ್ನೇ ಭಾವನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಆಮೇಲೂ ಒಪ್ಪಲಿಲ್ಲ.

ಹೀಗೆ ವರ್ಷಗಳು ಕಳೆದವು. ನನಗೆ ಕೆಲಸದ ಪರವಾನಗಿ ಬಂತು, ಬೋಲಿಂಗ್‌ಬ್ರೂಕಿನ ದೊಡ್ಡ ಗೋದಾಮೊಂದರ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಕಾರು ಕಲಿತೆ. ಪ್ಲೇನ್‌ಫೀಲ್ಡಿನಲ್ಲಿ ಮನೆ ಮಾಡಿದೆವು. ಪ್ರತಿ ನವೆಂಬರಿನಲ್ಲಿ ಒಂದೋ ಅವರು ಇಲ್ಲಿಗೆ ಬರುವರು, ಇಲ್ಲವೇ ನಾವು ಅಲ್ಲಿಗೆ ಹೋಗುವೆವು. ಆ ವರ್ಷ ಪ್ರಶಸ್ತಿ ಯಾರಿಗೇ ಬಂದಿರಲಿ, ಮಾತು ಕೊನೆಗೆ ಎಂಬತ್ತೇಳಕ್ಕೆ ಬಂದು ನಿಲ್ಲುತ್ತಿತ್ತು. ಎರಡು ಸಾವಿರದ ಮೂರರಲ್ಲಿ ಡೆಟ್ರಾಯ್ಟಿನ ತಂಡ ನೋಡಲಾಗದಷ್ಟು ಸೋತಿತು. ಖಾಲಿ ಸೀಟುಗಳ ನಡುವೆ ಭಾವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಆಟಗಳನ್ನೂ ನೋಡಿ ಬಂದರು. ಅದೇ ವರ್ಷ ಅವರ ಲೀಗಿನ ಪ್ರಶಸ್ತಿ ಮತ್ತೆ ಕೊನೆಯ ಸ್ಥಾನದ ತಂಡವೊಂದರ ಆಟಗಾರನಿಗೆ ಬಂತು. ನಾನು ಗೆದ್ದವಳಂತೆ ಫೋನ್ ಮಾಡಿದೆ. "ಎರಡು ಸಲ ತಪ್ಪು ಮಾಡಿದ್ರೆ ಸರಿ ಆಗ್ಬಿಡತ್ತಾಮ್ಮಾ?" ಎಂದರು.

ಆ ದಿನಗಳಲ್ಲಿ ಬೇಸ್‌ಬಾಲಿನ ಬಗ್ಗೆ ಕೆಟ್ಟ ಸುದ್ದಿಗಳು ಬರತೊಡಗಿದ್ದವು. ಮೈ ಬೆಳೆಸುವ ಮದ್ದು ತೆಗೆದುಕೊಂಡು ಆಡಿದವರ ವಿಷಯ ದಿನಾ ಪೇಪರಿನಲ್ಲಿ. ನನ್ನ ಮೊದಲ ಬೇಸಿಗೆಯಲ್ಲಿ ಕಂಡದ್ದರಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ತಿಳಿಯದಾಯಿತು. ಬೇಸರದಿಂದ ಭಾವನನ್ನು ಕೇಳಿದೆ. ಅವರು, "ಮನೇಲಿ ಒಬ್ಳೇ ಕೂತು ನೀನು ನೋಡಿದ್ಯಲ್ಲ, ಅದು ಸುಳ್ಳಲ್ಲಮ್ಮಾ. ಅವರದ್ದು ಅವರಿಗೆ," ಎಂದರು. ನಾನು ಒಂಟಿಯಾಗಿ ಕೂತಿದ್ದ ಆ ಮಧ್ಯಾಹ್ನಗಳ ವಿಷಯ ಅವರಿಗೆ ನಾನು ಹೇಳಿಕೊಂಡಿರಲಿಲ್ಲ. ಗೊತ್ತಿತ್ತೆಂದು ಆಗ ತಿಳಿಯಿತು.

ಎರಡು ಸಾವಿರದ ಏಳರ ಫೆಬ್ರವರಿಯಲ್ಲಿ, ಒಂದು ಬೆಳಿಗ್ಗೆ, ಭಾವ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದವರು ಅಲ್ಲೇ ಕುಸಿದರು. ಹೈಸ್ಕೂಲಿಗೆ ಹೊರಟಿದ್ದ ಮಗಳು ನೋಡಿ ಆಂಬುಲೆನ್ಸ್ ಕರೆದಳು. ಪಾರ್ಶ್ವವಾಯು. ಪ್ರಾಣ ಉಳಿಯಿತು. ಬಲಗೈ ಎತ್ತಲಾಗುತ್ತಿರಲಿಲ್ಲ, ಬಲಗಾಲು ಎಳೆಯುತ್ತಿತ್ತು. ಮಾತು ಹೋಗಿತ್ತು.

ನಾನು ಮೊದಲ ಬಾರಿ ನೋಡಲು ಹೋದಾಗ ಆಸ್ಪತ್ರೆಯಲ್ಲಿದ್ದರು. ನನ್ನನ್ನು ಗುರುತಿಸಿದರು. ಬಾಯಿ ತೆರೆದರು. ಏನೋ ಹೇಳಲು ಹೊರಟು, ಹೇಳಲಾಗದೆ, ಗೋಡೆಯ ಕಡೆ ತಿರುಗಿದರು. ಅಕ್ಕ ಹೊರಗೆ ಬಂದು, "ಎಲ್ಲಾ ತಿಳಿಯತ್ತೆ ಕಣೇ ಅವರಿಗೆ. ಅದೇ ಕಷ್ಟ," ಎಂದಳು.

ಮನೆಗೆ ಬಂದ ಮೇಲೆ ನಿಧಾನವಾಗಿ ಒಂದೊಂದೇ ಪದ ಬರತೊಡಗಿತು. ಬಂದದ್ದೆಲ್ಲ ಕನ್ನಡ. ಇಪ್ಪತ್ತು ವರ್ಷ ಕಾಲೇಜಿನಲ್ಲಿ, ಆಫೀಸಿನಲ್ಲಿ ಆಡಿದ ಇಂಗ್ಲಿಷ್ ಹೆಚ್ಚೂಕಡಿಮೆ ಅಳಿಸಿಹೋಗಿತ್ತು. ಕೇಳಿದರೂ ಬೇಗ ತಿಳಿಯುತ್ತಿರಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಒಳ್ಳೆಯ ಹೆಂಗಸು, ತಾಳ್ಮೆಯವಳು. ಕೆಲವರಿಗೆ ಹೀಗಾಗುತ್ತದೆ, ಒಂದು ಭಾಷೆ ಮೊದಲು ಮರಳುತ್ತದೆ, ಇನ್ನೊಂದು ತಡವಾಗಿ ಬರಬಹುದು, ಬರದೆಯೂ ಇರಬಹುದು ಎಂದಳು. ಅವಳಿಗೆ ಕನ್ನಡ ಬಾರದು. ಸೇಬು, ಬೀಗದ ಕೈ, ನಾಯಿ, ಹೀಗೆ ಚಿತ್ರಗಳನ್ನು ಮುಂದೆ ಇಟ್ಟು ಹೆಸರು ಕೇಳುತ್ತಿದ್ದಳು. ಭಾವ ಎಡಗೈಯಿಂದ ಅವನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದರು.

ಮಗಳದ್ದೇ ದೊಡ್ಡ ಸಂಕಟ. ಅವಳು ಹುಟ್ಟಿದಾಗಿನಿಂದ ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟವಳು. ಈಗ ಅವಳ ಇಂಗ್ಲಿಷ್ ಅಪ್ಪನಿಗೆ ಮುಟ್ಟುತ್ತಿರಲಿಲ್ಲ. ಕನ್ನಡದಲ್ಲಿ ಆಡಲು ಹೋದರೆ ನಾಲಿಗೆ ತಡವರಿಸಿ ನಾಚಿಕೆಯಾಗಿ ನಿಲ್ಲಿಸುತ್ತಿದ್ದಳು. ಸ್ಕೂಲಿನಿಂದ ಬಂದು, ಅಪ್ಪನ ಪಕ್ಕ ಸ್ವಲ್ಪ ಹೊತ್ತು ಕೂತು, ಏನೂ ಆಡದೆ ಎದ್ದು ತನ್ನ ಕೋಣೆಗೆ ಹೋಗುತ್ತಿದ್ದಳಂತೆ.

ಅಕ್ಕ ಫೋನಿನಲ್ಲಿ ಅತ್ತಳು. "ಥೆರಪಿಸ್ಟ್ ಹೇಳಿದ್ಲು, ಅವರಿಗೆ ಇಷ್ಟವಾದ ವಿಷಯ ಮಾತಾಡ್ಸಿ ಅಂತ. ನಂಗೇನು ಗೊತ್ತು ಆ ಆಟದ್ದು? ನೀನು ಬಾರೇ."

ಶುಕ್ರವಾರ ರಜೆ ಹಾಕಿ, ತೊಂಬತ್ತನಾಲ್ಕನೇ ಹೆದ್ದಾರಿ ಹಿಡಿದು ಹೊರಟೆ. ಏಪ್ರಿಲ್ ಮೊದಲ ವಾರ. ಕಲಮಜೂ ಊರು ದಾಟುವವರೆಗೂ ಬಯಲಿನಲ್ಲಿ ಅಲ್ಲಲ್ಲಿ ಹಿಮ ಇನ್ನೂ ಉಳಿದಿತ್ತು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಭಾವ ಮುಂದಿನ ಕೋಣೆಯ ಕಿಟಕಿಯ ಬಳಿ ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ಗಡ್ಡ ಬಿಟ್ಟಿದ್ದರು. ಟೀವಿಯಲ್ಲಿ ಡೆಟ್ರಾಯ್ಟಿನ ಆಟ ನಡೆಯುತ್ತಿತ್ತು. ದನಿ ಸಣ್ಣಗಿತ್ತು. ನಾನು ಪಕ್ಕದಲ್ಲಿ ಕೂತು, ಹೊಸ ಪಿಚರ್ ಹೇಗೆ, ಈ ವರ್ಷ ಹೇಗಿರಬಹುದು ಎಂದೆಲ್ಲ ಕೇಳಿದೆ. ಅವರು ತಲೆಯಾಡಿಸಿದರು, ಅಷ್ಟೆ. ಟೀವಿಯಲ್ಲಿ ಕಂಡ ಬ್ಯಾಟಿನತ್ತ ಬೆರಳು ತೋರಿಸಿ "ಸೌಟು" ಎಂದರು. ತಪ್ಪೆಂದು ಅವರಿಗೇ ತಿಳಿಯಿತು. ಕಣ್ಣು ಮುಚ್ಚಿಕೊಂಡರು.

ಬಹಳ ಹೊತ್ತಾದ ಮೇಲೆ, ತಾವಾಗಿಯೇ, "ಎಂಬತ್ತೇಳು," ಎಂದರು.

ಸ್ಪಷ್ಟವಾಗಿ ಬಂದಿತ್ತು. "ಹೇಳಿ ಭಾವ, ಎಂಬತ್ತೇಳರಲ್ಲಿ ಏನು?"

"ಕೊ... ಕೊನೇ..." ಪದ ಸಿಗಲಿಲ್ಲ. ತುಟಿ ಒದ್ದಾಡಿತು. ಹಣೆಯಲ್ಲಿ ಬೆವರು ಕಂಡಿತು. ಆ ಒದ್ದಾಟ ನನ್ನಿಂದ ನೋಡಲಾಗಲಿಲ್ಲ. ಅವರಿಗೆ ಸುಲಭವಾಗಲಿ ಎಂದು ಕೈ ಮೇಲೆ ಕೈ ಇಟ್ಟು, "ಸರಿ ಭಾವ, ನೀವು ಹೇಳಿದ್ದೇ ಸರಿ. ಕೊನೇ ತಂಡದವನಿಗೆ ಕೊಡಬಾರದಿತ್ತು. ನಾನೇ ಸುಮ್ನೆ ಹಟ ಮಾಡ್ತಿದ್ದೆ," ಎಂದೆ.

ಭಾವ ನನ್ನನ್ನೇ ನೋಡಿದರು. ಮುಖ ಕೆಂಪಾಯಿತು. ಕೈ ಕಿತ್ತುಕೊಂಡು, ಎಡಗೈಯಿಂದ ಕುರ್ಚಿಯ ತೋಳಿಗೆ ಜೋರಾಗಿ ಹೊಡೆದರು. ಮತ್ತೆ ಹೊಡೆದರು. ಅಕ್ಕ ಅಡುಗೆಮನೆಯಿಂದ ಓಡಿಬಂದಳು. ಮಗಳು ಮೆಟ್ಟಿಲ ಮೇಲೆ ಬಂದು ನಿಂತಳು.

"ಏನಾಯ್ತು ರೀ? ಏನ್ ಬೇಕು?"

ಅವರು ಅಕ್ಕನನ್ನು ನೋಡಲೇ ಇಲ್ಲ. ನನ್ನ ಕಡೆಗೇ ಬೆರಳು ತೋರಿಸಿ, ಒಂದೊಂದು ಅಕ್ಷರವನ್ನೂ ಎಳೆದು ತಂದು, "ಭಿಕ್ಷೆ... ಬೇಡ," ಎಂದರು.

ಎರಡು ಪದ ಕೂಡಿಸಿ ಅವರು ಆಡಿದ ಮೊದಲ ಮಾತು ಅದು. ಅಕ್ಕ ಬಾಯಿಗೆ ಸೆರಗು ಹಿಡಿದಳು. ನಾನು ಎಂದೂ ಅಷ್ಟು ನಾಚಿಕೊಂಡವಳಲ್ಲ. ಎದ್ದು ಹೋಗಲೇ ಎನ್ನಿಸಿತು. ಹೋಗದೆ ಕುರ್ಚಿಯನ್ನು ಅವರ ಎದುರಿಗೆ ಎಳೆದು ಕೂತೆ.

"ಸರಿ. ಹಾಗಾದ್ರೆ ಕೇಳಿ. ನೀವು ತಪ್ಪು. ಅವನು ಲೀಗಿನಲ್ಲೇ ಎಲ್ರಿಗಿಂತ ಹೆಚ್ಚು ಹೋಮ್ ರನ್ ಹೊಡ್ದಿದಾನೆ. ತಂಡ ಕೊನೇಗೆ ಬಂದಿದ್ದು ಪಿಚರ್‌ಗಳಿಂದ. ಅವನೇನು ಪಿಚ್ ಮಾಡ್ಬೇಕಿತ್ತಾ?"

"ಇಲ್ಲ," ಎಂದರು ಭಾವ.

"ಏನಿಲ್ಲ?"

"ಗೆ... ಗೆಲ್ಲಬೇಕು."

"ಒಬ್ಬನೇ ಹೇಗೆ ಗೆಲ್ಲಿಸ್ತಾನೆ?"

ಅವರು ಉತ್ತರ ಹುಡುಕಿದರು. ಈ ಸಲ ನಾನು ಸಹಾಯಕ್ಕೆ ಹೋಗಲಿಲ್ಲ. ಕಾದೆ. ಟೀವಿಯಲ್ಲಿ ಒಂದು ಸರದಿ ಮುಗಿದು ಜಾಹೀರಾತು ಬಂದು ಹೋಯಿತು. ಆಮೇಲೆ ಅವರು "ಶಾರ್ಟ್..." ಎಂದು ತಡೆದರು. ಮೆಟ್ಟಿಲ ಮೇಲಿದ್ದ ಮಗಳು, "ಶಾರ್ಟ್‌ಸ್ಟಾಪ್! ಹೀ ಮೀನ್ಸ್ ದ ಡೆಟ್ರಾಯ್ಟ್ ಶಾರ್ಟ್‌ಸ್ಟಾಪ್. ಹೀ ಟುಕ್ ದೆಮ್ ಟು ಫಸ್ಟ್!" ಎಂದಳು. ಅಪ್ಪ ಅವಳ ಕಡೆ ತಿರುಗಿ, ಕೊನೆಯದು ತಿಳಿಯದೆ ಹುಬ್ಬು ಗಂಟಿಕ್ಕಿದರು. ಅವಳು ಕೆಳಗಿಳಿದು ಬಂದಳು. ಮುಖ ಬಿಗಿಹಿಡಿದು, ಪದಗಳನ್ನು ಆರಿಸಿಕೊಂಡು, "ಅವನು... ತಂಡನ... ಫಸ್ಟ್‌ಗೆ ಕರ್ಕೊಂಡು ಹೋದ್ಳು," ಎಂದಳು.

"ಹೋದ," ಎಂದರು ಭಾವ.

"ಹೋದ," ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು. ಅಪ್ಪ ಅವಳನ್ನು ತಿದ್ದಿದ್ದು ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲು.

ಆ ಬೇಸಿಗೆ ನಾನು ಆದಾಗಲೆಲ್ಲ ಹೋಗಿಬಂದೆ. ಆದರೆ ನಿಜವಾಗಿ ಮಾತು ತರಿಸಿದವಳು ಮಗಳು. ಸ್ಕೂಲಿನಿಂದ ಬಂದವಳೇ ಕಂಪ್ಯೂಟರಿನಲ್ಲಿ ಹಳೆಯ ವರ್ಷಗಳ ಅಂಕಿಗಳನ್ನು ತೆಗೆದು, ಅವನ್ನು ಕನ್ನಡದಲ್ಲಿ ಹೇಳುವುದು ಹೇಗೆಂದು ಅಮ್ಮನನ್ನು ಕೇಳಿಕೊಂಡು, ಅಪ್ಪನ ಎದುರು ಕೂರುತ್ತಿದ್ದಳು. ಅವಳಿಗೆ ಅರವತ್ತು, ಎಪ್ಪತ್ತು ಅದಲುಬದಲಾಗುತ್ತಿದ್ದವು. ಅವರಿಗೂ ಆಗುತ್ತಿದ್ದವು. ಇಬ್ಬರೂ ಸೇರಿ ಸರಿಮಾಡಿಕೊಳ್ಳುತ್ತಿದ್ದರು. ಥೆರಪಿಸ್ಟ್ ಚಿತ್ರಗಳನ್ನು ಪಕ್ಕಕ್ಕಿಟ್ಟು, ಒಂದಕ್ಷರ ತಿಳಿಯದಿದ್ದರೂ, ಕೂತು ಕೇಳಿಸಿಕೊಂಡು ಹೋಗುತ್ತಿದ್ದಳು ಎಂದು ಅಕ್ಕ ಹೇಳಿದಳು. ಎಲ್ಲ ಮರಳಲಿಲ್ಲ. ಭಾವ ಮತ್ತೆ ಕೆಲಸಕ್ಕೆ ಹೋಗುವ ಮಾತಿರಲಿಲ್ಲ. ಅಕ್ಕ ದಿನಸಿ ಅಂಗಡಿಯೊಂದರಲ್ಲಿ ಲೆಕ್ಕ ನೋಡಲು ಸೇರಿದಳು. ಸಂಜೆ ಬಂದು ಅವರಿಗೆ ಸ್ನಾನ ಮಾಡಿಸಬೇಕಿತ್ತು, ಅಂಗಿಯ ಗುಂಡಿ ಹಾಕಬೇಕಿತ್ತು. ಒಮ್ಮೊಮ್ಮೆ ಅವರು ಎಡಗೈ ಬಿಚ್ಚಿ, ಕೊಡಲು ಏನೂ ಉಳಿದಿಲ್ಲ ಎಂಬಂತೆ ಖಾಲಿ ಅಂಗೈ ತೋರಿಸಿ ಕೂರುತ್ತಿದ್ದರಂತೆ. ಯಾಕೆಂದು ಅಕ್ಕ ಕೇಳುತ್ತಿರಲಿಲ್ಲ.

ಆ ನವೆಂಬರಿನಲ್ಲಿ ನಾವು ನೋವೈಗೆ ಹೋದಾಗ ಮನೆಯಲ್ಲಿ ಜಗಳವೇ ನಡೆಯುತ್ತಿತ್ತು. ಆ ವರ್ಷ ಡೆಟ್ರಾಯ್ಟಿನ ಆಟಗಾರನೊಬ್ಬ ಅದ್ಭುತವಾಗಿ ಬ್ಯಾಟ್ ಮಾಡಿದ್ದ, ಲೀಗಿನಲ್ಲೇ ಅವನ ಸರಾಸರಿ ಎಲ್ಲರಿಗಿಂತ ಮೇಲೆ. ಆದರೂ ಪ್ರಶಸ್ತಿ ನ್ಯೂಯಾರ್ಕಿನವನಿಗೆ ಹೋಗಿತ್ತು.

"ಚಿಕ್ಕಮ್ಮ, ಅಪ್ಪಂಗೆ ಹೇಳಿ! ನಮ್ಮ ಊರಿನವನು! ಅಪ್ಪ ನ್ಯೂಯಾರ್ಕ್‌ಗೆ ವೋಟ್ ಮಾಡ್ತಿದಾರೆ!" ಎಂದು ಮಗಳು ಬಾಗಿಲಲ್ಲೇ ದೂರು ಹೇಳಿದಳು.

ನಾನು ಭಾವನನ್ನು ನೋಡಿದೆ. "ಹೌದಾ ಭಾವ?"

"ಡೆಟ್ರಾಯ್ಟ್... ಪ್ಲೇಆಫ್... ಹೋಗ್ಲಿಲ್ಲ," ಎಂದರು. "ನ್ಯೂಯಾರ್ಕ್ ಹೋಯ್ತು." ಹೇಳುವಾಗ ಅವರಿಗೆ ಸಂಕಟವಾಗುತ್ತಿತ್ತೆಂದು ಮುಖವೇ ಹೇಳುತ್ತಿತ್ತು. ಸ್ವಂತ ಊರು, ಸ್ವಂತ ಆಟಗಾರ. ಆದರೂ ಬಗ್ಗಲಿಲ್ಲ.

ಊಟಕ್ಕೆ ಕೂತ ಮೇಲೂ ವಾದ ನಿಲ್ಲಲಿಲ್ಲ. ಅಕ್ಕ ಬಡಿಸುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಅವಳು ಆಟದ ಬಗ್ಗೆ ಒಂದು ಮಾತೂ ಆಡಿದವಳಲ್ಲ. ಪಾತ್ರೆಯನ್ನು ಮೇಜಿನ ಮೇಲಿಟ್ಟು, ಭಾವನ ಎದುರು ನಿಂತು, ಮೆಲ್ಲಗೆ ಕೇಳಿದಳು.

"ಅಲ್ಲಾ ರೀ, ಒಂದು ಕೇಳ್ತೀನಿ. ಗೆಲ್ಲದೇ ಇರೋರಿಗೆ ಬೆಲೆನೇ ಇಲ್ವಾ?"

ಅವಳು ಆಟಗಾರನ ಬಗ್ಗೆ ಕೇಳುತ್ತಿಲ್ಲವೆಂದು ನನಗೂ ತಿಳಿಯಿತು, ಮಗಳಿಗೂ ತಿಳಿಯಿತು. ನನ್ನ ಗಂಡ ತಟ್ಟೆ ನೋಡುತ್ತ ಕೂತರು. ಭಾವ ಅಕ್ಕನನ್ನು ಬಹಳ ಹೊತ್ತು ನೋಡಿದರು. ಅವಳ ಒರಟಾದ ಕೈಗಳನ್ನು ನೋಡಿದರು. ಮತ್ತೆ ಅವಳ ಮುಖ ನೋಡಿದರು.

"ಇದೆ," ಎಂದರು. ಸ್ವಲ್ಪ ತಡೆದು, "ಬೆಲೆ ಇದೆ. ಪ್ರಶಸ್ತಿ... ಇಲ್ಲ. ಬೆಲೆ ಇದೆ," ಎಂದರು.

ಅಕ್ಕ ತಲೆಯಾಡಿಸಿ, ಅವರ ತಟ್ಟೆಗೆ ಅನ್ನ ಹಾಕಿ, ಎಡಗೈಗೆ ಚಮಚ ಕೊಟ್ಟು, ಪಕ್ಕದಲ್ಲೇ ಕೂತು ತಾನೂ ಉಂಡಳು. ಸಾಮಾನ್ಯವಾಗಿ ಅವಳು ಎಲ್ಲರದ್ದೂ ಆದ ಮೇಲೆ ಕೂರುವವಳು.

ಅದಾದ ಮೇಲೆ ಭಾವ ಒಂದೂಕಾಲು ವರ್ಷ ಬದುಕಿದರು. ಕೋಲು ಹಿಡಿದು ಬಡಾವಣೆಯ ಕೊನೆಯವರೆಗೂ ನಡೆಯುತ್ತಿದ್ದರು. ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಮಗಳು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಡೆಟ್ರಾಯ್ಟಿನ ಆಟಕ್ಕೆ ಕರೆದುಕೊಂಡು ಹೋದಳು. ನಾನೂ ಹೋಗಿದ್ದೆ. ತಂಡ ಆ ದಿನ ಚೆನ್ನಾಗಿ ಆಡಲಿಲ್ಲ. ಭಾವ ಟೋಪಿ ಹಾಕಿಕೊಂಡು, ಬಿಸಿಲಿನಲ್ಲಿ ಕಣ್ಣು ಕಿರಿದುಮಾಡಿ, ಕೊನೆಯ ಎಸೆತದವರೆಗೂ ಕೂತಿದ್ದರು. ನಾವು ಎದ್ದಾಗ ಅವರಿನ್ನೂ ಏಳಲಿಲ್ಲ. ಮೈದಾನದ ಹುಲ್ಲಿಗೆ ನೀರು ಹಾಕುವುದನ್ನೂ ನೋಡಿಕೊಂಡೇ ಹೊರಟರು.

ಮರುವರ್ಷದ ಮಾರ್ಚ್ ತಿಂಗಳಲ್ಲಿ, ಹೊಸ ಋತು ಶುರುವಾಗುವ ಮೊದಲು, ಮತ್ತೊಮ್ಮೆ ಪಾರ್ಶ್ವವಾಯು ಬಡಿಯಿತು. ಈ ಸಲ ಉಳಿಯಲಿಲ್ಲ. ಮೂರು ದಿನ ಪ್ರಜ್ಞೆಯಿಲ್ಲದೆ ಇದ್ದು ಹೋದರು. ಅಕ್ಕ ಆ ಮೂರು ದಿನವೂ ಅವರ ಎಡಗೈ ಹಿಡಿದುಕೊಂಡೇ ಇದ್ದಳು. ನೋವೈನ ಕನ್ನಡದವರೆಲ್ಲ ಬಂದರು. ಅಂಕಲ್‌ಗಳು ಏರ್ಪಾಟುಗಳನ್ನು ನೋಡಿಕೊಂಡರು, ಆಂಟಿಗಳು ಪಾತ್ರೆ ಪಾತ್ರೆ ಅಡುಗೆ ತಂದಿಟ್ಟರು. ಅಕ್ಕ ಯಾರ ಎದುರೂ ಅಳಲಿಲ್ಲ.

ಹಾಸನದಿಂದ ಭಾವನ ಅಣ್ಣ ಬರುವವರೆಗೆ ಅಂತ್ಯಸಂಸ್ಕಾರ ತಡೆದಿದ್ದರು. ಅವರನ್ನು ಕರೆತರಲು ನಾನೂ ಮಗಳೂ ಏರ್‌ಪೋರ್ಟಿಗೆ ಹೊರಟೆವು. ಅವಳೇ ಡ್ರೈವ್ ಮಾಡುತ್ತಿದ್ದಳು. ಆಗ ಅವಳು ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಹೊರಗೆ ಮಳೆ ಮತ್ತು ಹಿಮ ಕಲೆಸಿ ಬೀಳುತ್ತಿತ್ತು.

"ಚಿಕ್ಕಮ್ಮ," ಎಂದಳು. "ಒಂದು ಕೇಳ್ಲಾ? ಎಂಬತ್ತೇಳರ ಬಗ್ಗೆ ಅಪ್ಪ ಹೇಳಿದ್ದು ಸರಿನಾ?"

ಹೌದು ಎನ್ನಬಹುದಿತ್ತು. ಅವಳು ಅದನ್ನೇ ಬಯಸುತ್ತಿರಬಹುದೆಂದೂ ಅನ್ನಿಸಿತು. "ಡೆಟ್ರಾಯ್ಟಿನವನ ವಿಷಯದಲ್ಲಿ ಸರಿ," ಎಂದೆ. "ಷಿಕಾಗೊದವನ ವಿಷಯದಲ್ಲಿ ತಪ್ಪು. ನಾನು ಈಗ್ಲೂ ಹಾಗೇ ಹೇಳೋದು."

ಅವಳು ಕಣ್ಣೊರೆಸಿಕೊಂಡಳು. "ಇಲ್ಲ. ಎರಡರಲ್ಲೂ ಸರಿ," ಎಂದಳು. "ಕೊನೇ ತಂಡ ಅಂದ್ರೆ ಕೊನೇ ತಂಡ, ಚಿಕ್ಕಮ್ಮ." ಆಮೇಲೆ, ಏರ್‌ಪೋರ್ಟಿಗೆ ತಿರುಗುವ ಎಕ್ಸಿಟ್ ಬರುವವರೆಗೂ, ಅಪ್ಪನ ವಾದವನ್ನೆಲ್ಲ ಅವಳು ತನ್ನ ತಡವರಿಸುವ ಕನ್ನಡದಲ್ಲಿ ಒಂದೊಂದಾಗಿ ನನ್ನ ಮುಂದಿಟ್ಟಳು. ನಾನೂ ಬಿಡದೆ ಒಂದೊಂದಕ್ಕೂ ಉತ್ತರ ಕೊಟ್ಟೆ.

ಏರ್‌ಪೋರ್ಟಿನಲ್ಲಿ ಅವಳ ದೊಡ್ಡಪ್ಪ ಉಲ್ಲನ್ ಟೋಪಿ ಹಾಕಿಕೊಂಡು, ಸಣ್ಣ ಚೀಲವೊಂದನ್ನು ಎದೆಗೆ ಅವುಚಿಕೊಂಡು, ಜನರ ನಡುವೆ ದಿಕ್ಕುತೋಚದೆ ನಿಂತಿದ್ದರು. ಮುಖ ಭಾವನದ್ದೇ. ಮಗಳು ಓಡಿಹೋಗಿ ಅವರ ಕಾಲು ಮುಟ್ಟಿದಳು. ಅವಳ ತಲೆಯ ಮೇಲೆ ಕೈ ಇಟ್ಟು ಅವರು ಕನ್ನಡದಲ್ಲಿ ಏನೋ ಕೇಳಿದರು. ಅವಳು ಕನ್ನಡದಲ್ಲೇ ಉತ್ತರ ಹೇಳಿದಳು. ಚೀಲ ನಾನು ತೆಗೆದುಕೊಂಡೆ. ಮೂವರೂ ಕಾರಿನ ಕಡೆ ನಡೆದೆವು.